ತೂಕ ಮೊದಲು, ಮುಖ ಆಮೇಲೆ: ಸೂತ್ರದ ಗೊಂಬೆ ವಿನ್ಯಾಸದ ಸಮಗ್ರ ಮಾರ್ಗದರ್ಶಿ

ರಿಪೇರಿಗೆಂದು ನನ್ನ ಹತ್ತಿರ ಬರುವ ಗೊಂಬೆಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ. ಮುಖ ಬಹಳ ಚೆನ್ನಾಗಿರುತ್ತದೆ. ಹುಬ್ಬು ತಿದ್ದಿರುತ್ತಾರೆ, ಮೂಗುತಿ ಇಟ್ಟಿರುತ್ತಾರೆ, ಜರಿಯಂಚಿನ ಸೀರೆ ಉಡಿಸಿರುತ್ತಾರೆ. ದಾರ ಕಟ್ಟಿದ ಮರದ ಹಿಡಿ ಎತ್ತಿದರೆ ಮಾತ್ರ ಗೊಂಬೆ ನಡೆಯುವುದಿಲ್ಲ, ತೇಲುತ್ತದೆ. ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ಜಾರುತ್ತದೆ. ಕೈ ಎತ್ತಲು ಹೋದರೆ ಇಡೀ ಮೈ ತಿರುಗಿ ನಿಲ್ಲುತ್ತದೆ. "ದಾರ ಸರಿ ಮಾಡಿಕೊಡಿ ಸರ್" ಅನ್ನುತ್ತಾರೆ. ದಾರದ್ದು ತಪ್ಪಿರುವುದಿಲ್ಲ. ಕೆಲಸದ ಸರದಿ ತಪ್ಪಿರುತ್ತದೆ.

ಮುಖಕ್ಕೆ ಎರಡು ವಾರ, ಮೈಗೆ ಎರಡು ದಿನ, ದಾರಕ್ಕೆ ಪ್ರದರ್ಶನದ ಹಿಂದಿನ ರಾತ್ರಿ. ಹೊಸಬರ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ಇದನ್ನು ಪೂರ್ತಿ ತಿರುಗಿಸಬೇಕು. ಗೊಂಬೆ ಏನು ಮಾಡಬೇಕು ಅನ್ನುವುದು ಮೊದಲು. ಆಮೇಲೆ ಕೀಲು, ತೂಕ. ಮುಖ ಅದಾದ ಮೇಲೆ.

ಇಲ್ಲಿ ಹೇಳುತ್ತಿರುವುದು ಮೇಲಿನಿಂದ ದಾರದಲ್ಲಿ ಆಡಿಸುವ ಗೊಂಬೆಯ ಬಗ್ಗೆ. ತೊಗಲು ಗೊಂಬೆಯವರಿಗೆ ಕೊನೆಯ ಕಡೆ ಒಂದು ಭಾಗ ಇದೆ. ಉದಾಹರಣೆಗೆ ಒಂದೇ ಗೊಂಬೆಯನ್ನು ಹಿಡಿದುಕೊಂಡು ಹೋಗೋಣ: ಹೂ ಮಾರುವ ಅಜ್ಜಿ. ನಾನು ಮಾಡಿ, ಕೆಡಿಸಿ, ಮತ್ತೆ ಮಾಡಿದ ಗೊಂಬೆ ಅದು.

ಮೊದಲು ಸಾಮಾನು

ಗರಗಸ, ಎರಡು ಉಳಿ, ಅರ, ಉಪ್ಪುಕಾಗದ, ಕೈ ಡ್ರಿಲ್, ಇಕ್ಕಳ. ತಲೆಯಲ್ಲಿ ಬಳೆ ಇರುವ ಸಣ್ಣ ಸ್ಕ್ರೂಗಳು ಒಂದು ಡಜನ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಚಪ್ಪಲಿ ಹೊಲಿಯುವವರ ಹತ್ತಿರ ಮಿಕ್ಕಿದ ಮೆತ್ತನೆ ಚರ್ಮದ ಚೂರು. ಫೆವಿಕಾಲ್, ಹಳೇ ಪೇಪರ್, ಮೈದಾ, ಜೇಡಿಮಣ್ಣು. ತೂಕಕ್ಕೆ ಕಬ್ಬಿಣದ ನಟ್ಟು, ವಾಷರ್. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಬೇಕೇ ಬೇಕು. ಇದನ್ನು ಯಾರೂ ತರುವುದಿಲ್ಲ, ಹಾಗಾಗಿಯೇ ಅರ್ಧ ಗೊಂಬೆಗಳು ಹಾಳಾಗುವುದು.

ಮರಕ್ಕೆ ಹಾಲೆ ಅಥವಾ ಶಿವನೆ ಒಳ್ಳೆಯದು. ಹಾಲೆ ಅಂದರೆ ಚನ್ನಪಟ್ಟಣದ ಬೊಂಬೆಗೆ ಬಳಸುವ ಬಿಳಿ ಮರ. ಉಳಿಗೆ ಸುಲಭವಾಗಿ ಬಗ್ಗುತ್ತದೆ. ತೇಗ ಸಿಕ್ಕಿತು ಅಂತ ತೇಗ ತರಬೇಡಿ, ಈ ಕೆಲಸಕ್ಕೆ ಅದು ಭಾರ. ಹಸಿ ಮರವಂತೂ ಬೇಡವೇ ಬೇಡ. ಒಣಗುತ್ತಾ ಬಿರುಕು ಬಿಡುತ್ತದೆ, ಬಿರುಕು ಯಾವಾಗಲೂ ಮೂಗಿನ ಮೇಲೇ ಬರುತ್ತದೆ!

ಹಂತ 1: ಚಿತ್ರ ಬೇಡ, ಕೆಲಸಗಳ ಪಟ್ಟಿ ಮಾಡಿ

ಕಥೆ ಕೈಗೆ ಬಂದ ಕೂಡಲೇ ಪೆನ್ಸಿಲ್ ಹಿಡಿದು ಮುಖ ಬರೆಯಬೇಡಿ. ಒಂದೊಂದು ಪಾತ್ರದ ಹೆಸರು ಬರೆದು, ಅದರ ಕೆಳಗೆ ಆ ಪಾತ್ರ ಮಾಡುವ ಕೆಲಸಗಳನ್ನು ಮಾತ್ರ ಬರೆಯಿರಿ. ನನ್ನ ಅಜ್ಜಿಯ ಪಟ್ಟಿ ಹೀಗಿತ್ತು: ನಾಲ್ಕು ಹೆಜ್ಜೆ ನಡೆದು ಬರುತ್ತಾಳೆ. ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ. ಹೂವನ್ನು ಮೊಳ ಹಾಕುತ್ತಾಳೆ. ಗಿರಾಕಿಯ ಮುಖ ನೋಡಿ ಚೌಕಾಸಿ ಮಾಡುತ್ತಾಳೆ. ಕೊನೆಗೆ ಒಂದು ಹೂ ಎಸೆಯುತ್ತಾಳೆ.

ಐದೇ ಕೆಲಸ. ವಿನ್ಯಾಸವೆಲ್ಲ ಇದರಿಂದಲೇ ಹುಟ್ಟುತ್ತದೆ. ಮೊಳ ಹಾಕಬೇಕು ಅಂದ ಮೇಲೆ ಮೊಣಕೈ ಕೀಲು ಈ ಗೊಂಬೆಯ ಜೀವಾಳ. ಕೂರಬೇಕು ಅಂದ ಮೇಲೆ ಸೊಂಟ, ಮೊಣಕಾಲು ಬೇಕು. ಬಾಯಿ ಆಡಿಸಬೇಕಾ? ಬೇಡ. ಚೌಕಾಸಿಯೆಲ್ಲ ತಲೆ ಅಲ್ಲಾಡಿಸುವುದರಲ್ಲೇ ನಡೆದುಹೋಗುತ್ತದೆ. ಕಣ್ಣು ತಿರುಗಿಸಬೇಕಾ? ಬೇಡ. ಬೆರಳು ಮಡಚಬೇಕಾ? ಅದೂ ಬೇಡ.

ಇಲ್ಲಿ ಆಗುವ ತಪ್ಪು ಅಂದರೆ "ಇರಲಿ ಬಿಡಿ, ಬೇಕಾಗಬಹುದು" ಅಂತ ಎಲ್ಲ ಕಡೆ ಕೀಲು ಇಡುವುದು. ಒಂದೊಂದು ಕೀಲೂ ಮೈಯ ಹಿಡಿತವನ್ನು ಒಂದಿಷ್ಟು ಸಡಿಲ ಮಾಡುತ್ತದೆ. ಜಾಸ್ತಿ ಕೀಲಿನ ಗೊಂಬೆ ನಿಂತಲ್ಲೇ ಕುಸಿಯುತ್ತದೆ. ಪಟ್ಟಿಯಲ್ಲಿ ಹತ್ತಕ್ಕಿಂತ ಹೆಚ್ಚು ಕೆಲಸ ಇದ್ದರೆ ನಿರ್ದೇಶಕರ ಜೊತೆ ಕೂತು ಮಾತಾಡಿ. ಒಮ್ಮೊಮ್ಮೆ ಒಂದೇ ಪಾತ್ರಕ್ಕೆ ಎರಡು ಗೊಂಬೆ ಮಾಡುವುದು ವಾಸಿ, ನಡೆಯಲು ಒಂದು, ಕೂರಲು ಒಂದು.

ಹಂತ 2: ಗಾತ್ರ

ಕೊನೆಯ ಸಾಲು ಎಷ್ಟು ದೂರ ಇದೆ ಅಂತ ಕೇಳಿ. ಶಾಲೆಯ ಹಾಲ್, ನೂರೈವತ್ತು ಜನ ಅಂದರೆ 60 ಸೆಂ.ಮೀ. ಗೊಂಬೆ ಸಾಕು. ದೇವಸ್ಥಾನದ ಬಯಲು ಅಂದರೆ ಸಾಲದು. ತಮಿಳುನಾಡಿನ ಬೊಮ್ಮಲಾಟ್ಟಂನಲ್ಲಿ ನಾಲ್ಕೂವರೆ ಅಡಿ ಎತ್ತರ, ಹತ್ತು ಕೆಜಿ ತೂಗುವ ಗೊಂಬೆಗಳೂ ಇವೆ. ಆದರೆ ಅಲ್ಲಿ ಭಾರ ಹೊರುವುದು ಕೈಯಲ್ಲ, ತಲೆ. ದಾರಗಳನ್ನು ಆಟಗಾರ ತಲೆಗೆ ಹಾಕಿಕೊಂಡ ಬಳೆಗೆ ಕಟ್ಟಿರುತ್ತಾರೆ, ಗೊಂಬೆಯ ಕೈಗಳನ್ನು ಕಬ್ಬಿಣದ ಕಡ್ಡಿಯಿಂದ ಆಡಿಸುತ್ತಾರೆ. ಕಡ್ಡಿಯಿಂದ ಆಡಿಸುವ ನಮ್ಮ ಸಲಾಕೆ ಗೊಂಬೆಯದೂ ಇದೇ ದಾರಿ. ಸುಮ್ನೆ ದೊಡ್ಡ ಗೊಂಬೆಯ ಫೋಟೊ ನೋಡಿ, ಅದನ್ನೇ ಕೈಹಿಡಿಯಲ್ಲಿ ಆಡಿಸಲು ಹೊರಟರೆ ಮಣಿಕಟ್ಟು ಹೋಗುತ್ತದೆ.

ಅಳತೆಯಲ್ಲಿ ಮನುಷ್ಯನನ್ನು ನಕಲು ಮಾಡಬೇಡಿ. ಮನುಷ್ಯನ ಎತ್ತರ ಅವನ ತಲೆಯ ಏಳು, ಏಳೂವರೆ ಪಟ್ಟು. ಗೊಂಬೆಗೆ ಆ ಲೆಕ್ಕ ಇಟ್ಟರೆ ಹಿಂದಿನ ಸಾಲಿಗೆ ತಲೆ ಕಾಣುವುದೇ ಇಲ್ಲ. ನಾಲ್ಕೂವರೆ, ಐದು ಪಟ್ಟು ಇಡಿ. 60 ಸೆಂ.ಮೀ. ಅಜ್ಜಿಗೆ 13 ಸೆಂ.ಮೀ. ತಲೆ ಕೊಟ್ಟೆ. ಅಂಗೈ ಗಲ್ಲದಿಂದ ಹಣೆಯ ಕೂದಲಿನ ತನಕ ಮುಚ್ಚುವಷ್ಟಿರಲಿ. ಪಾದ ಇನ್ನೂ ಒಂಚೂರು ದೊಡ್ಡದು. ಗೊಂಬೆ ಮಾತಾಡುವುದು ಕೈಯಲ್ಲಿ ಅಲ್ವಾ, ಆ ಕೈ ಕಾಣಬೇಕು.

ಹಂತ 3: ನಿಜ ಅಳತೆಯ ನಕ್ಷೆ, ಆಮೇಲೆ ರಟ್ಟಿನ ಅಜ್ಜಿ

ಖಾಕಿ ಕಾಗದದ ಮೇಲೆ ಗೊಂಬೆಯನ್ನು ಅದರ ನಿಜ ಅಳತೆಯಲ್ಲೇ ಬರೆಯಿರಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು. ಕೀಲು ಬರುವ ಜಾಗಕ್ಕೆ ಕೆಂಪು ಚುಕ್ಕೆ, ದಾರ ಕಟ್ಟುವ ಜಾಗಕ್ಕೆ ನೀಲಿ ಚುಕ್ಕೆ. ಪಕ್ಕದ ನಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಕುತ್ತಿಗೆ ಎಲ್ಲಿ ಕೂರಬೇಕು, ಸೊಂಟ ಎಷ್ಟು ಹಿಂದಕ್ಕಿರಬೇಕು, ಇದೆಲ್ಲ ತಿಳಿಯುವುದು ಪಕ್ಕದ ನಕ್ಷೆಯಲ್ಲಿ.

ನಕ್ಷೆ ಆದ ಮೇಲೆ ಮರಕ್ಕೆ ಕೈ ಹಾಕಬೇಡಿ. ಸಾಮಾನಿನ ಪೆಟ್ಟಿಗೆಯ ರಟ್ಟು ಕತ್ತರಿಸಿ, ಕೀಲಿಗೆ ದಾರ ಗಂಟು ಹಾಕಿ, ಒಂದು ಚಪ್ಪಟೆ ಗೊಂಬೆ ಮಾಡಿ. ಅರ್ಧ ದಿನದ ಕೆಲಸ. ಅದನ್ನು ಮೇಜಿನ ಮೇಲೆ ಮಲಗಿಸಿ ಪಟ್ಟಿಯ ಕೆಲಸಗಳನ್ನೆಲ್ಲ ಒಂದೊಂದಾಗಿ ಮಾಡಿಸಿ. ನನ್ನ ರಟ್ಟಿನ ಅಜ್ಜಿಯ ಮುಂಗೈ ಮೊದಲು 7 ಸೆಂ.ಮೀ. ಇತ್ತು. ಮೊಳ ಹಾಕಿಸಿದರೆ ಗೇಣಿನಂತೆ ಕಾಣುತ್ತಿತ್ತು. 10ಕ್ಕೆ ಏರಿಸಿದೆ. ದೇಹಕ್ಕೆ ಹೋಲಿಸಿದರೆ ಅದು ಅತಿಯಾಯಿತು. ಆದರೆ ಮೊಳ ಅಂದರೆ ಮೊಳ ಅಂತ ಕೊನೆಯ ಸಾಲಿಗೂ ಗೊತ್ತಾಯಿತು.

ಎಚ್ಚರಿಕೆಯ ಗುರುತು: ರಟ್ಟಿನ ಗೊಂಬೆಯಲ್ಲಿ ಆಗದ ಕೆಲಸ ಮರದ ಗೊಂಬೆಯಲ್ಲೂ ಆಗುವುದಿಲ್ಲ. "ಮರದಲ್ಲಿ ಸರಿಹೋಗುತ್ತೆ" ಅಂತ ನಿಮಗೆ ನೀವೇ ಹೇಳಿಕೊಂಡರೆ ಅಲ್ಲೇ ನಿಲ್ಲಿಸಿ.

ಹಂತ 4: ಮೈ ಮತ್ತು ಕೀಲು

ಎದೆ ಒಂದು ತುಂಡು, ಸೊಂಟ ಒಂದು ತುಂಡು. ಇವೆರಡರ ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು ಚರ್ಮದ ಪಟ್ಟಿಯಿಂದ ಸೇರಿಸಿ. ಎರಡನ್ನೂ ಒಂದೇ ಮರದಲ್ಲಿ ಕೆತ್ತಿದರೆ ಗೊಂಬೆ ಬಗ್ಗುವಾಗ ಬಾಗಿಲು ಮುಚ್ಚಿದ ಹಾಗೆ ಬಗ್ಗುತ್ತದೆ.

ಮೊಣಕಾಲು ಎಲ್ಲರಿಗೂ ಕೈಕೊಡುವ ಜಾಗ. ತೊಡೆಯ ಕೆಳತುದಿ, ಕೆಳಗಾಲಿನ ಮೇಲ್ತುದಿ, ಎರಡರಲ್ಲೂ ಹಿಂಬದಿಯನ್ನು ಓರೆಯಾಗಿ ಕತ್ತರಿಸಿ. ಮುಂಬದಿ ನೇರವಾಗಿಯೇ ಇರಲಿ. ನಡುವೆ ಗರಗಸದಿಂದ ಸೀಳು ಹಾಕಿ, ಚರ್ಮದ ನಾಲಿಗೆ ತೂರಿಸಿ, ಅಂಟು ಹಾಕಿ, ಅಡ್ಡಲಾಗಿ ಸಣ್ಣ ಮೊಳೆ ಹೊಡೆಯಿರಿ. ಈಗ ಕಾಲು ಹಿಂದಕ್ಕೆ ಮಡಚುತ್ತದೆ. ಮುಂದಕ್ಕೆ ಬಂದಾಗ ಮರಕ್ಕೆ ಮರ ತಾಗಿ ನಿಲ್ಲುತ್ತದೆ. ಓರೆ ಹಾಕದೆ ಬರೀ ದಾರದಲ್ಲಿ ಕಟ್ಟಿದ ಮೊಣಕಾಲು ಎರಡೂ ಕಡೆ ಮಡಚುತ್ತದೆ. ಆಗ ಅಜ್ಜಿ ಕೊಕ್ಕರೆಯಂತೆ ನಡೆಯುತ್ತಾಳೆ. ಜನ ನಗುತ್ತಾರೆ, ನಾವು ನಗಿಸಬೇಕು ಅಂದುಕೊಂಡ ಜಾಗದಲ್ಲಿ ಅಲ್ಲ.

ಮೊಣಕೈಗೂ ಇದೇ ಕ್ರಮ, ಓರೆ ಮಾತ್ರ ಮುಂಬದಿಗೆ. ಭುಜಕ್ಕೆ ದಪ್ಪ ದಾರ ಸಾಕು, ಎಲ್ಲ ದಿಕ್ಕಿಗೂ ತಿರುಗಲಿ. ಕುತ್ತಿಗೆಗೆ ಬಳೆ ಸ್ಕ್ರೂ ಎರಡು, ಒಂದರೊಳಗೊಂದು. ಕುತ್ತಿಗೆಯ ಕೀಲು ತಲೆಯ ನಟ್ಟನಡುವೆ ಬರಬಾರದು, ಸ್ವಲ್ಪ ಹಿಂದಕ್ಕಿರಲಿ. ಆಗ ದಾರ ಸಡಿಲಿಸಿದರೆ ತಲೆ ತಾನಾಗಿ ಮುಂದಕ್ಕೆ ಬಾಗುತ್ತದೆ. ನಡುವೆಯೇ ಇಟ್ಟರೆ ಯಾವ ಕಡೆ ಬೀಳುತ್ತದೋ ದೇವರಿಗೇ ಗೊತ್ತು.

ಸೀರೆ ಉಟ್ಟ ಗೊಂಬೆಗೆ ಕಾಲು ಯಾಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾಜಸ್ಥಾನದ ಕಠಪುತಲಿಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ, ಉದ್ದ ಲಂಗವೇ ಎಲ್ಲ ಮಾಡುತ್ತದೆ. ಬರೀ ನಡೆದು ಕುಣಿಯುವ ಹೆಣ್ಣು ಪಾತ್ರಕ್ಕೆ ನೀವೂ ಕಾಲು ಬಿಡಬಹುದು. ನನ್ನ ಅಜ್ಜಿ ಕೂರಬೇಕಿತ್ತು, ಮಡಿಲಲ್ಲಿ ಬುಟ್ಟಿ ನಿಲ್ಲಬೇಕಿತ್ತು. ಹಾಗಾಗಿ ಕಾಲು ಕೊಟ್ಟೆ.

ಹಂತ 5: ತೂಕ

ತೇಲುವ ಗೊಂಬೆಗೆ ಮದ್ದು ಇಲ್ಲಿದೆ.

ಗೊಂಬೆಯ ಅತಿ ಭಾರದ ಜಾಗ ಸೊಂಟ. ಆಮೇಲೆ ಪಾದ. ಆಮೇಲೆ ಅಂಗೈ. ತಲೆ ಹಗುರವಾಗಿರಬೇಕು. ಮುಖದಿಂದ ಶುರು ಮಾಡಿದವರಲ್ಲಿ ಇದು ತಲೆಕೆಳಗಾಗಿರುತ್ತದೆ: ಗಟ್ಟಿ ಮರದ ತಲೆ, ಹತ್ತಿ ತುಂಬಿದ ಮೈ. ಅಂಥ ಗೊಂಬೆ ತಲೆಯಿಂದ ನೇಣು ಹಾಕಿದ ಹಾಗೆ ತೂಗಾಡುತ್ತದೆ.

60 ಸೆಂ.ಮೀ. ಗೊಂಬೆಗೆ ನನ್ನ ಲೆಕ್ಕ ಹೀಗೆ. ಬಟ್ಟೆ ಸೇರಿ ಒಟ್ಟು 1 ಕೆಜಿ ದಾಟಬಾರದು. ಸೊಂಟದ ಅಡಿಯಲ್ಲಿ ತೂತು ಕೊರೆದು ಸುಮಾರು 150 ಗ್ರಾಂ ವಾಷರ್ ತುಂಬಿ. ಒಂದೊಂದು ಪಾದದ ಹಿಮ್ಮಡಿಯಲ್ಲಿ 50 ಗ್ರಾಂ. ಅಂಗೈಗೆ 15 ಗ್ರಾಂ. ಮೊದಲೇ ಅಂಟು ಹಾಕಿ ಮುಚ್ಚಬೇಡಿ. ತೂಕವನ್ನು ಟೇಪಿನಲ್ಲಿ ಸುತ್ತಿ ಹೊರಗೆ ಕಟ್ಟಿ, ಆಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ಒಳಗೆ ಸೇರಿಸಿ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಸಣ್ಣ ಜಾಗದಲ್ಲಿ ಒಳ್ಳೆಯ ತೂಕ ಕೊಡುತ್ತದೆ, ನಿಜ. ಆದರೆ ಸೀಸ ವಿಷ. ಮಕ್ಕಳು ಮುಟ್ಟುವ ಗೊಂಬೆಗೆ ಬೇಡ.

ಪರೀಕ್ಷೆ ಸುಲಭ. ಎರಡು ಭುಜಕ್ಕೂ ದಾರ ಕಟ್ಟಿ ಗೊಂಬೆಯನ್ನು ಎತ್ತಿ, ಕಾಲು ನೆಲಕ್ಕೆ ಸೋಕುವಂತೆ ಹಿಡಿದು, ಎಡಬಲ ಮೆಲ್ಲಗೆ ತೂಗಿ. ಒಂದೊಂದು ಕಾಲೂ ಮುಂದೆ ಬಂದು ಟಕ್ ಅಂತ ನೆಲಕ್ಕೆ ಕೂರಬೇಕು. ಆ ಟಕ್ ಕೇಳಿಸದಿದ್ದರೆ ಪಾದಕ್ಕೆ ತೂಕ ಸಾಲದು. ಟಕ್ ಆದ ಮೇಲೂ ಸೊಂಟ ಲೋಲಕದ ಹಾಗೆ ಆಡುತ್ತಲೇ ಇದ್ದರೆ ಸೊಂಟಕ್ಕೆ ಸಾಲದು. ಇದು ಸರಿಯಾಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ನನಗೆ ಒಂದೊಂದು ಸಲ ಮೂರು ದಿನ ಹಿಡಿದದ್ದಿದೆ.

ಹಂತ 6: ಈಗ ತಲೆ

ಹಗುರ ತಲೆ ಬೇಕು ಅಂದೆವಲ್ಲ, ಅದಕ್ಕೆ ಕಾಗದದ ತಲೆಯೇ ಸರಿ. ಜೇಡಿಮಣ್ಣಿನಲ್ಲಿ ಮುಖ ತಿದ್ದಿ. ಮೇಲೆ ತೆಳ್ಳನೆ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ಪೇಪರನ್ನು ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಹರಿದ ಅಂಚು ಒಂದಕ್ಕೊಂದು ಬೆರೆಯುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಕಾಣುತ್ತದೆ. ಒಂದು ಪದರ ಕನ್ನಡ ಪೇಪರ್, ಮುಂದಿನ ಪದರ ಇಂಗ್ಲಿಷ್ ಪೇಪರ್ ಹಾಕಿ. ಎಲ್ಲಿ ಬಿಟ್ಟುಹೋಗಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಎಂಟು ಪದರ ಸಾಕು.

ಮೈದಾ ಅಂಟಿಗೆ ಹುಳ ಬೀಳದಿರಲು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದೂ ವಿಷವೇ. ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ, ಕೈಗವಸು ಇರಲಿ. ಮಕ್ಕಳ ಶಿಬಿರದಲ್ಲಾದರೆ ಫೆವಿಕಾಲನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಬಳಸಿ.

ಎರಡೆರಡು ಪದರಕ್ಕೆ ಒಂದು ದಿನ ನೆರಳಿನಲ್ಲಿ ಒಣಗಲಿ. ಪೂರ್ತಿ ಒಣಗಿದ ಮೇಲೆ ಕಿವಿಯ ಸಾಲಿನಲ್ಲಿ ಬ್ಲೇಡಿನಿಂದ ಎರಡು ಭಾಗ ಮಾಡಿ, ಮಣ್ಣು ತೆಗೆದು, ಮತ್ತೆ ಸೇರಿಸಿ ಅಂಟಿಸಿ. ಸೇರಿಸುವ ಮೊದಲೇ ಒಳಗೆ ಕಿವಿಯಿಂದ ಕಿವಿಗೆ ಒಂದು ಮರದ ಪಟ್ಟಿ, ಕುತ್ತಿಗೆಗೆ ಇನ್ನೊಂದು ಪಟ್ಟಿ ಕೂರಿಸಿ. ದಾರದ ಸ್ಕ್ರೂ ಹಿಡಿಯುವುದು ಇವುಗಳನ್ನೇ. ಮರೆತರೆ ಕಾಗದಕ್ಕೇ ಸ್ಕ್ರೂ ಹಾಕಬೇಕಾಗುತ್ತದೆ, ಮೂರನೇ ಪ್ರದರ್ಶನಕ್ಕೆ ಕಿತ್ತು ಬರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಂದು ತಲೆಯನ್ನು ಅವಸರಕ್ಕೆ ಹೇರ್ ಡ್ರೈಯರ್ ಹಿಡಿದು ಒಣಗಿಸಿದ್ದೆ. ಹೊರಗೆ ಗಟ್ಟಿ, ಒಳಗೆ ಹಸಿ. ವಾರದಲ್ಲಿ ಬೂಷ್ಟು ಬಂದು ಗಲ್ಲ ಕುಸಿಯಿತು. ತಲೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಮುಖ ತಿದ್ದುವಾಗ ಎರಡೇ ಮಾತು. ದೊಡ್ಡ ನಗು ಕೆತ್ತಬೇಡಿ, ಆಮೇಲೆ ಅಳುವ ದೃಶ್ಯದಲ್ಲೂ ಅಜ್ಜಿ ನಗುತ್ತಲೇ ಇರುತ್ತಾಳೆ. ಹುಬ್ಬಿನ ಅಂಚು, ಕಣ್ಣಿನ ಗುಳಿ, ಕೆನ್ನೆಯ ಮೂಳೆ ಆಳವಾಗಿರಲಿ. ಆಗ ತಲೆ ಬಗ್ಗಿಸಿದರೆ ನೆರಳು ಬಿದ್ದು ದುಃಖ, ಎತ್ತಿದರೆ ಬೆಳಕು ಬಿದ್ದು ಸಂತೋಷ. ಎರಡನೆಯದು, ಕಣ್ಣಿನ ಪಾಪೆಯನ್ನು ನಡುವೆ ಬರೆಯಬೇಡಿ, ಕೂದಲೆಳೆಯಷ್ಟು ಕೆಳಕ್ಕೆ ಬರೆಯಿರಿ. ಪ್ರೇಕ್ಷಕರು ಕೂತಿರುವುದು ಕೆಳಗೆ. ನಡುವೆ ಬರೆದರೆ ಗೊಂಬೆ ಫ್ಯಾನ್ ನೋಡಿದಂತಿರುತ್ತದೆ.

ಬಣ್ಣ ಮ್ಯಾಟ್ ಇರಲಿ. ಮುಖಕ್ಕೆಲ್ಲ ವಾರ್ನಿಷ್ ಹೊಡೆದರೆ ದೀಪದಡಿ ಎಣ್ಣೆಮುಖವಾಗುತ್ತದೆ. ಕಣ್ಣಿಗೆ ಮಾತ್ರ ಒಂದು ತೊಟ್ಟು ಹೊಳಪು.

ನನ್ನ ಅಜ್ಜಿಯ ವಿಷಯದಲ್ಲಿ ನಾನು ಎಡವಿದ್ದು ತುರುಬಿನಲ್ಲಿ. ಚಂದದ ದುಂಡನೆ ತುರುಬು, ಸುತ್ತ ಮಲ್ಲಿಗೆ. ತಾಲೀಮಿನಲ್ಲಿ ನೋಡಿದರೆ ತುರುಬು ಬೆನ್ನಿಗೆ ತಾಗಿ ತಲೆ ಎತ್ತಲೇ ಆಗುತ್ತಿಲ್ಲ. ಅಜ್ಜಿ ಗಿರಾಕಿಯ ಚಪ್ಪಲಿ ನೋಡಿಕೊಂಡೇ ಚೌಕಾಸಿ ಮಾಡಿದಳು. ತುರುಬನ್ನು ಎರಡು ಬೆರಳು ಮೇಲಕ್ಕೆ ಏರಿಸಬೇಕಾಯಿತು. ಪಕ್ಕದ ನಕ್ಷೆಯಲ್ಲಿ ತುರುಬು ಬರೆದಿದ್ದರೆ ಮೊದಲೇ ಕಾಣುತ್ತಿತ್ತು.

ಹಂತ 7: ಹಿಡಿ ಮತ್ತು ದಾರ, ಮೊದಲು ಬಟ್ಟೆ ಇಲ್ಲದೆ

ಹಿಡಿ ಅಂದರೆ ಆಟಗಾರರ ಕೈಯಲ್ಲಿರುವ ಮರದ ಪಟ್ಟಿಗಳು. ಉದ್ದ ಪಟ್ಟಿ 25 ಸೆಂ.ಮೀ., ಅದರ ಮೇಲೆ ತಲೆಯ ದಾರಕ್ಕೆ 16 ಸೆಂ.ಮೀ.ನ ಅಡ್ಡಪಟ್ಟಿ, ಭುಜಕ್ಕೆ ಇನ್ನೊಂದು ಚಿಕ್ಕ ಅಡ್ಡಪಟ್ಟಿ. ಮುಂದುಗಡೆ ಕೊಕ್ಕೆಯಲ್ಲಿ ನೇತಾಡುವ, ಬೇಕಾದಾಗ ಬಿಚ್ಚಿ ಇನ್ನೊಂದು ಕೈಯಲ್ಲಿ ಹಿಡಿಯುವ ಕಾಲಿನ ಪಟ್ಟಿ. ಅಂಚುಗಳನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಇಲ್ಲದಿದ್ದರೆ ದಾರ ಅಲ್ಲೇ ಸವೆದು ತುಂಡಾಗುತ್ತದೆ.

ಸಾಮಾನ್ಯ ಗೊಂಬೆಗೆ ಒಂಬತ್ತು ದಾರ. ಕಟ್ಟುವ ಸರದಿ ಇದು:

1. ಭುಜ, ಎರಡು. ಮೈಯ ಭಾರ ಹೊರುವುದು ಇವೇ.
2. ತಲೆ, ಎರಡು. ಕಿವಿಯ ಮೇಲೆ. ತಲೆಯನ್ನು ಮಾತ್ರ ಹಿಡಿಯಬೇಕು, ಮೈಯನ್ನಲ್ಲ.
3. ಬೆನ್ನು, ಒಂದು. ಸೊಂಟದ ಹಿಂದೆ, ಹಿಡಿಯ ಬಾಲಕ್ಕೆ. ನಮಸ್ಕಾರ ಮಾಡಿಸಲು.
4. ಕೈ, ಎರಡು.
5. ಮೊಣಕಾಲು, ಎರಡು. ಕಾಲಿನ ಪಟ್ಟಿಗೆ.

ಕೈಯಿಂದ ಶುರು ಮಾಡಿದವರು ಕೊನೆಗೆ ಭುಜದ ದಾರ ಬಿಗಿದಾಗ ಉಳಿದ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ಅಜ್ಜಿಗೆ ನಾನು ಹತ್ತನೇ ದಾರ ಕೊಟ್ಟೆ. ಬಲಗೈ ಬೆರಳ ತುದಿಯಿಂದ ಹೊರಟು, ಎಡ ಮೊಣಕೈಗೆ ಹೊಲಿದ ಪುಟ್ಟ ಬಳೆಯೊಳಗೆ ತೂರಿ, ಮೇಲೆ ಹಿಡಿಗೆ ಹೋಗುತ್ತದೆ. ಎಡಗೈಯನ್ನು ಮಡಚಿ ಮುಂದೆ ಹಿಡಿಸಿ, ಈ ದಾರ ಎಳೆದರೆ ಬಲಗೈ ಎಡಗೈ ಬೆರಳ ತುದಿಯಿಂದ ಜಾರುತ್ತಾ ಮೊಣಕೈಗೆ ಬಂದು ನಿಲ್ಲುತ್ತದೆ. ಮೊಳ! ಹೂವಿನ ಮಾಲೆ ಬಟ್ಟೆಯದು. ಅದೂ ಮೊದಲು ತೇಲುತ್ತಿತ್ತು. ನಡುನಡುವೆ ಗಾಜಿನ ಮಣಿ ಪೋಣಿಸಿದ ಮೇಲೆ ನಿಜವಾದ ಮಾಲೆಯಂತೆ ಜೋಲುಬಿತ್ತು. ಯಾವುದೇ ಕೈಯನ್ನು ಗೊತ್ತಾದ ಜಾಗಕ್ಕೆ ಮುಟ್ಟಿಸಬೇಕಾದರೆ, ಹಣೆಗೆ, ಎದೆಗೆ, ಬಾಯಿಗೆ, ಇದೇ ಉಪಾಯ. ಆ ಜಾಗದಲ್ಲಿ ಒಂದು ಬಳೆ, ಅದರ ಮೂಲಕ ದಾರ.

ದಾರ ಯಾವುದು? ಹೆಣೆದ ಕಪ್ಪು ನೈಲಾನ್ ಅಥವಾ ಪಾಲಿಯೆಸ್ಟರ್ ದಾರ. ಮೀನು ಹಿಡಿಯುವ ಪಾರದರ್ಶಕ ತಂತಿ ಕಾಣುವುದಿಲ್ಲ ಅಂದುಕೊಂಡು ತರುತ್ತಾರೆ. ದೀಪ ಬಿದ್ದರೆ ಅದೇ ಮಿಂಚುತ್ತದೆ, ಸುರುಳಿಯನ್ನೂ ಬಿಡುವುದಿಲ್ಲ. ಹತ್ತಿ ದಾರ ಹಿಗ್ಗುತ್ತದೆ, ಎರಡನೇ ದಿನ ಅಜ್ಜಿ ಕುಳ್ಳಿಯಾಗಿರುತ್ತಾಳೆ. ಉದ್ದ ಎಷ್ಟು ಅನ್ನುವುದಕ್ಕೆ ಗೊಂಬೆಯ ಪಾದ ನೆಲದಲ್ಲಿರಲಿ, ಆಟಗಾರ ನಿಲ್ಲುವ ಜಾಗದಲ್ಲೇ ನಿಲ್ಲಲಿ, ಮೊಣಕೈ ಮಡಚಿದಾಗ ಕೈ ಎಲ್ಲಿ ಬರುತ್ತದೋ ಅಲ್ಲಿ ಹಿಡಿ ಇರಲಿ. ಬೇರೆಯವರ ಎತ್ತರಕ್ಕೆ ಕಟ್ಟಿದ ದಾರದಲ್ಲಿ ಒಂದು ಗಂಟೆ ಆಡಿಸಿದರೆ ಭುಜ ಹಿಡಿದುಕೊಳ್ಳುತ್ತದೆ.

ಬಟ್ಟೆ ಇಲ್ಲದ ಗೊಂಬೆಯಲ್ಲಿ ಪಟ್ಟಿಯ ಐದೂ ಕೆಲಸ ಮಾಡಿಸಿ. ಮೊಬೈಲಲ್ಲಿ ವಿಡಿಯೊ ಮಾಡಿ ನೋಡಿ. ಗಂಟುಗಳನ್ನು ಇನ್ನೂ ಅಂಟಿಸಬೇಡಿ.

ಹಂತ 8: ಬಟ್ಟೆ

ಮಾಡಿದ ಕೆಲಸವನ್ನೆಲ್ಲ ಒಂದೇ ದಿನದಲ್ಲಿ ಕೆಡಿಸುವ ಶಕ್ತಿ ಬಟ್ಟೆಗಿದೆ. ರೇಷ್ಮೆ ಸೀರೆಯ ದಪ್ಪ ಅಂಚು ಗೊಂಬೆಯ ಮೈಗೆ ತಗಡಿನ ಹಾಗೆ. ಹಳೇ ವಾಯಿಲ್ ಸೀರೆ, ಹತ್ತು ಸಲ ಒಗೆದ ಮಗ್ಗದ ಹತ್ತಿ ಸೀರೆ, ಇವು ಬೀಳುವ ಹಾಗೆ ಹೊಸ ಬಟ್ಟೆ ಬೀಳುವುದಿಲ್ಲ. ಗಂಜಿ ಹಾಕಬೇಡಿ. ರವಿಕೆಯ ಕಂಕುಳನ್ನು ಎರಡರಷ್ಟು ಸಡಿಲ ಕತ್ತರಿಸಿ. ನೆರಿಗೆಯನ್ನು ಹೊಲಿದೇ ಬಿಡಿ, ಉಡಿಸಲು ಹೋಗಬೇಡಿ.

ಮೊಣಕಾಲಿನ ದಾರ ನೆರಿಗೆಯ ಮೂಲಕ ಹೊರಗೆ ಬರಬೇಕು. ಆ ತೂತಿನ ಸುತ್ತ ಗುಂಡಿಮನೆ ಹೊಲಿಗೆ ಹಾಕಿ. ಬರೀ ತೂತಾದರೆ ಎಳೆ ಬಿಚ್ಚಿ ದಾರ ಸಿಕ್ಕಿಕೊಳ್ಳುತ್ತದೆ. ಜರಿ, ಚಮಕಿ, ಮಣಿಸರ ಎಲ್ಲವೂ ದಾರದ ಶತ್ರುಗಳು. ಯಕ್ಷಗಾನದ ವೇಷದಂಥ ಆಭರಣದ ಗೊಂಬೆ ಮಾಡುವವರು ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿಗೆ ಒಮ್ಮೆ ಹೋಗಿ ನೋಡಿ. ಕೊಗ್ಗ ಕಾಮತರ ಮನೆತನದ ಆ ಗೊಂಬೆಗಳು ಕಿರೀಟ, ಭುಜಕೀರ್ತಿ ಎಲ್ಲ ಹೊತ್ತು ಹೆಜ್ಜೆ ಹಾಕುತ್ತವೆ. ಮುಂದೆ ಕೂತು ಆಟ ನೋಡಿದರೆ ಸಾಲದು, ಅನುಮತಿ ಕೇಳಿ ಹಿಂದೆ ಹೋಗಿ ದಾರ ಎಲ್ಲಿಂದ ಹೊರಡುತ್ತದೆ ಅಂತ ನೋಡಿ.

ಬಣ್ಣದ ಬಗ್ಗೆ ಒಂದೇ ಮಾತು: ಹಿಂದಿನ ಪರದೆ ಕಪ್ಪಾಗಿದ್ದರೆ ಕಡುನೀಲಿ, ಕಡುಹಸಿರು ಸೀರೆ ಬೇಡ. ಗೊಂಬೆಗೆ ತಲೆ, ಕೈ ಮಾತ್ರ ಇದ್ದಂತೆ ಕಾಣುತ್ತದೆ.

ಹಂತ 9: ಕೊನೆಯ ದಾರ, ದೀಪ, ಕೊನೆಯ ಸಾಲು

ಬಟ್ಟೆ ಆದ ಮೇಲೆ ದಾರವನ್ನು ಮತ್ತೆ ಅದೇ ಸರದಿಯಲ್ಲಿ ಕಟ್ಟಿ. ಮೂರು ತಾಲೀಮು ಕಳೆದ ಮೇಲೆಯೇ ಗಂಟಿಗೆ ಒಂದು ತೊಟ್ಟು ಅಂಟು. ಅಲ್ಲಿಯವರೆಗೆ ಏನಾದರೂ ಬದಲಾಗುತ್ತಲೇ ಇರುತ್ತದೆ.

ದೀಪ ಎರಡು ಪಕ್ಕದಿಂದ ಬರಲಿ. ಎದುರಿನಿಂದ ಹೊಡೆದರೆ ಒಂಬತ್ತು ದಾರದ ನೆರಳೂ ಹಿಂದಿನ ಪರದೆಯ ಮೇಲೆ ಬೀಳುತ್ತದೆ. ಆಮೇಲೆ ಯಾರಿಗಾದರೂ ಹಿಡಿ ಕೊಟ್ಟು, ನೀವು ಕೊನೆಯ ಸಾಲಿನಲ್ಲಿ ಹೋಗಿ ಕೂರಿ. ಮಾತು ಬೇಡ, ಹಾಡು ಬೇಡ. ಅಜ್ಜಿ ಏನು ಮಾಡುತ್ತಿದ್ದಾಳೆ ಅಂತ ಕಥೆ ಗೊತ್ತಿಲ್ಲದ ಒಬ್ಬರನ್ನು ಕೇಳಿ. ನಾನು ಕೇಳಿದ್ದು ಹಾಲ್‌ನಲ್ಲಿ ಕಸ ಗುಡಿಸುತ್ತಿದ್ದ ಅಕ್ಕನನ್ನು. "ಹೂ ಅಳೀತಾವ್ಳೆ, ಆದ್ರೆ ಮೊಳ ಮೋಸ ಮಾಡ್ತಾವ್ಳೆ" ಅಂದರು. ಬಲಗೈ ಮೊಣಕೈ ಮುಟ್ಟುವ ಮೊದಲೇ ಆಟಗಾರ ದಾರ ಬಿಡುತ್ತಿದ್ದ. ನಮ್ಮ ನಿರ್ದೇಶಕರಿಗೆ ಅದು ಎಷ್ಟು ಹಿಡಿಸಿತು ಅಂದರೆ ಹಾಗೇ ಇಟ್ಟುಕೊಂಡರು.

ಹಂತ 10: ಮಡಚಿ ಇಡುವುದು

ಪ್ರದರ್ಶನ ಮುಗಿದ ಮೇಲೆ ಗೊಂಬೆಯನ್ನು ಹಿಡಿಯಿಂದ ತೂಗುಹಾಕಿ, ಒಂದೇ ದಿಕ್ಕಿಗೆ ತಿರುಗಿಸಿ. ದಾರಗಳೆಲ್ಲ ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಹಾಗೇ ಬಟ್ಟೆಯ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿ. ಬಿಚ್ಚುವಾಗ ತಾನಾಗಿ ತಿರುಗಿ ಬಿಡಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಬೂಷ್ಟು ಬರುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ದಾರ, ಕತ್ತರಿ, ಬಳೆ ಸ್ಕ್ರೂ, ಮುಖದ ಬಣ್ಣದ ಸಣ್ಣ ಡಬ್ಬಿ ಅಂಟಿಸಿಡಿ.

ತೊಗಲು ಗೊಂಬೆಯಾದರೆ ಏನು ಬದಲಾಗುತ್ತದೆ?

ಸರದಿ ಅದೇ, ಕೆಲಸಗಳ ಪಟ್ಟಿಯೇ ಮೊದಲು. ಆದರೆ ಇಲ್ಲಿ ತೂಕದ ಜಾಗಕ್ಕೆ ಬೆಳಕು ಬರುತ್ತದೆ. ಮೇಕೆ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದ ಮೇಲೆ ದೀಪಕ್ಕೆ ಹಿಡಿದು ನೋಡಿ. ಎಲ್ಲಿ ದಪ್ಪ ಉಳಿದಿದೆಯೋ ಅಲ್ಲಿ ಬಣ್ಣ ಕಂದಾಗಿ ಸಾಯುತ್ತದೆ. ಮುಖಕ್ಕೆ ಅತಿ ತೆಳು ಭಾಗ ಇಟ್ಟುಕೊಳ್ಳಿ. ಬಣ್ಣ ಎರಡೂ ಬದಿಗೆ ಹಚ್ಚಬೇಕು, ಚರ್ಮಕ್ಕೆ ಇಂಗುವ ಬಣ್ಣವಾಗಿರಬೇಕು. ಅಕ್ರಿಲಿಕ್ ಬಳಿದು ತರುವವರಿದ್ದಾರೆ, ಪರದೆಯಲ್ಲಿ ಅದು ಬರೀ ಕಪ್ಪು. ಆಭರಣವನ್ನು ಬಣ್ಣದಲ್ಲಿ ಬರೆಯಬೇಡಿ, ತೂತು ಹೊಡೆಯಿರಿ, ಬೆಳಕೇ ಒಡವೆಯಾಗುತ್ತದೆ.

ಹಿಂದೆ ಜಿಂಕೆ ಚರ್ಮವನ್ನೂ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ. "ಹಳೇದು, ಮನೇಲಿತ್ತು" ಅಂತ ಯಾರಾದರೂ ಕೊಡಲು ಬಂದರೂ ಮುಟ್ಟಬೇಡಿ. ನಮ್ಮ ತೊಗಲು ಗೊಂಬೆಗಳಲ್ಲಿ ಬಹುಪಾಲು ಒಂದೇ ತುಂಡಿನವು. ರಾಜ, ದೇವರು ದೊಡ್ಡದಾಗಿ, ಸಾಮಾನ್ಯರು ಚಿಕ್ಕದಾಗಿ ಇರುತ್ತಾರೆ. ಈ ಗಾತ್ರದ ಲೆಕ್ಕ ತಿಳಿಯದೆ ಎಲ್ಲವನ್ನೂ ಒಂದೇ ಅಳತೆಗೆ ಮಾಡಿದರೆ ಪರದೆಯ ಮೇಲೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ತೊಗಲು ಗೊಂಬೆ ಬೇಕು ಅಂತ ಕೇಳುವವರು ನನ್ನ ಬಳಿಯೂ ಹೆಚ್ಚಿದ್ದಾರೆ. ಅಂಥವರನ್ನು ನಾನು ತೊಗಲು ಗೊಂಬೆ ಆಡಿಸುವ ಕುಟುಂಬಗಳ ಕಡೆಗೇ ಕಳಿಸುತ್ತೇನೆ. ಅದು ಅವರ ಕಸುಬು.

ಇದರಲ್ಲೇ ಹೊಟ್ಟೆ ಹೊರೆಯಬೇಕು ಅಂದರೆ

ಬರೀ ಗೊಂಬೆ ವಿನ್ಯಾಸದಿಂದ ತಿಂಗಳೆಲ್ಲ ಕೆಲಸ ಸಿಗುವುದು ಕಷ್ಟ. ನಾಟಕ ತಂಡಗಳ ರಂಗಸಜ್ಜಿಕೆ, ಶಾಲೆಯ ಕಾರ್ಯಾಗಾರ, ಜಾಹೀರಾತು, ರಿಪೇರಿ, ಎಲ್ಲ ಸೇರಿ ಒಂದು ಸಂಬಳ. ಮೊದಲ ಎರಡು ವರ್ಷ ಯಾವುದಾದರೂ ತಂಡದಲ್ಲಿ ಗೊಂಬೆ ಆಡಿಸಿ. ಆಡಿಸದವರು ಮಾಡಿದ ಹಿಡಿಯನ್ನು ಹಿಡಿದ ಕೂಡಲೇ ಗೊತ್ತಾಗುತ್ತದೆ.

ಕಲಿಯುವ ದಾರಿಗಳಿವೆ. ರಂಗಭೂಮಿಯ ಒಟ್ಟು ಕೆಲಸ ಕಲಿಯಲು ಹೆಗ್ಗೋಡಿನ ನೀನಾಸಂ. ಗೊಂಬೆಯಾಟ ನೋಡಲು, ಜನರನ್ನು ಭೇಟಿಯಾಗಲು ಬೆಂಗಳೂರಿನ ಧಾತು ಸಂಸ್ಥೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನದಲ್ಲಿ ಗೊಂಬೆಯಾಟವೂ ಇದೆ. 18ರಿಂದ 25 ವಯಸ್ಸಿನವರಿಗೆ, ಎರಡು ವರ್ಷ, ಒಬ್ಬ ಗುರುವಿನ ಹತ್ತಿರ ಕಲಿಯಲು. ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಪ್ರಾಗ್‌ನ ದಾಮು ಅನ್ನುವ ರಂಗಶಾಲೆ ಮತ್ತು ಫ್ರಾನ್ಸಿನ ಶಾರ್ಲೆವಿಲ್-ಮೆಝಿಯರ್‌ನ ಗೊಂಬೆಯಾಟ ಶಾಲೆ ಹೆಸರಾದವು. ಅಲ್ಲಿನ ಭಾಷೆ ಕಲಿಯುವ ತಯಾರಿಯೂ ಇರಲಿ.

ದರ ಹೇಳುವಾಗ ಎಲ್ಲರೂ ಸಾಮಾನಿನ ಖರ್ಚು, ಮಾಡಿದ ದಿನ ಎರಡನ್ನೇ ಹಾಕುತ್ತಾರೆ. ಮೂರನೆಯದು ತಾಲೀಮಿನ ದಿನಗಳು. ನಾಲ್ಕನೆಯದು ಪ್ರದರ್ಶನದ ನಂತರದ ರಿಪೇರಿ. ಐದನೆಯದು ಬದಲಾವಣೆ. ಒಂದು ಸಂಸ್ಥೆಯವರು "ಒಂದೇ ಒಂದು ಸಣ್ಣ ಚೇಂಜ್" ಅಂತ ಗೊಂಬೆ ಬಾಯಿ ಆಡಿಸಬೇಕು ಅಂದರು. ತಲೆ ಮುಗಿದು ಬಣ್ಣವೂ ಆಗಿತ್ತು. ಬಾಯಿ ಆಡಬೇಕಾದರೆ ತಲೆಯನ್ನೇ ಹೊಸದಾಗಿ ಮಾಡಬೇಕು. ಕಾಗದದಲ್ಲಿ ಏನೂ ಬರೆದಿರಲಿಲ್ಲ. ಒಂಬತ್ತು ತಲೆ ಮತ್ತೆ ಮಾಡಿದೆ, ಒಂದು ರೂಪಾಯಿ ಜಾಸ್ತಿ ಬರಲಿಲ್ಲ. ಈಗ ಹಂತ 1ರ ಕೆಲಸಗಳ ಪಟ್ಟಿಯನ್ನೇ ಕೊಟೇಶನ್‌ಗೆ ಲಗತ್ತಿಸಿ ಸಹಿ ಹಾಕಿಸಿಕೊಳ್ಳುತ್ತೇನೆ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಬೇರೆ ದರ. ಅರ್ಧ ಹಣ ಮುಂಗಡ. ಪ್ರದರ್ಶನದ ನಂತರ ಗೊಂಬೆ ಯಾರದ್ದು, ನಕ್ಷೆ ಯಾರದ್ದು ಅನ್ನುವುದೂ ಅದೇ ಕಾಗದದಲ್ಲಿ ಇರಲಿ.

ಕೆಲಸ ಕೇಳಲು ಹೋಗುವಾಗ ಮುಖದ ಫೋಟೊಗಳ ಆಲ್ಬಮ್ ಒಯ್ಯಬೇಡಿ. ಬಟ್ಟೆ ಇಲ್ಲದ ಗೊಂಬೆ ನಾಲ್ಕು ಹೆಜ್ಜೆ ನಡೆದು ಕೂರುವ ಅರ್ಧ ನಿಮಿಷದ ವಿಡಿಯೊ, ಜೊತೆಗೆ ಅದರ ನಿಜ ಅಳತೆಯ ನಕ್ಷೆ. ಮುಖಕ್ಕೆ ಬಣ್ಣ ಕೂಡ ಬೇಡ. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ರಟ್ಟಿನ ಅಜ್ಜಿಯ ವಿಡಿಯೊ ನೋಡಿ ಸಿಕ್ಕಿದ್ದು. ಅದಕ್ಕೆ ಆಗಿನ್ನೂ ತಲೆಯೇ ಇರಲಿಲ್ಲ.